ಊರು ಬಿಡೂ ಮುಂಚಿನ ಮಾತು

ಭಾಲ್ಕಿಯಲ್ಲೊಂದು ಮದುವೆ. ಮಾರ್ಚ್ ತಿಂಗಳ ಮಧ್ಯಾಹ್ನ. ಊಟ ಮುಗಿದಿದೆ, ಬಿಸಿಲು ಇಳಿಯುವ ತನಕ ಯಾರೂ ಹೊರಡುವಂತಿಲ್ಲ. ಹಂದರದ ಕೆಳಗೆ ಮೂವರು ಬೀಗರು ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಒಬ್ಬರು ಬೀದರದ ಹೈಸ್ಕೂಲ್ ಮಾಸ್ತರು, ಮಾಳಿಗೆಯ ಮೇಲೆ ಕುಂಡಗಳ ತೋಟ ಮಾಡಿದವರು. ಇನ್ನೊಬ್ಬರು ಭಾಲ್ಕಿಯ ಗೃಹಿಣಿ, ಹಿತ್ತಲಿನ ಗಿಡಗಳನ್ನು ವರ್ಷಗಟ್ಟಲೆ ನೋಡಿಕೊಂಡವರು. ಮೂರನೆಯವರು ಔರಾದ ತಾಲ್ಲೂಕಿನ ರೈತರು. ಅವರವರ ಊರಿನ ಹೆಸರಿನಲ್ಲೇ ಮಾತು ಕೇಳೋಣ.

ಬೀದರದವರು: ಈ ಸೂಟಿಗೆ ಗಾಡಿ ತಗೊಂಡು ಚಾಮರಾಜನಗರದ ತನ ಹೊಂಟೀವಿ. ‘ಬೀದರದಿಂದ ಚಾಮರಾಜನಗರದ ತನ’ ಅಂತ ಸಾಲ್ಯಾಗ ಹೇಳಿ ಹೇಳಿ ಬಾಯಿ ಸವದದ. ಆ ಕಡಿ ತುದಿ ಒಮ್ಮೆ ಕಣ್ಣಿಲೆ ನೋಡಬೇಕು. ಹುಮನಾಬಾದ, ಕಲಬುರಗಿ ದಾಟಿ ಜೇವರ್ಗಿ ತನ 50ನೇ ಹೆದ್ದಾರಿ. ಅಲ್ಲಿ 150ಎ ಹಿಡದ್ರ ಸುರಪುರ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು, ಮೈಸೂರು... ಅದೇ ರಸ್ತಾ ಚಾಮರಾಜನಗರಕ್ಕ ಮುಟ್ಟಸ್ತದ.

ಔರಾದದವರು: ಎಷ್ಟು ದಿನದ ತಿರುಗಾಟ?

ಬೀದರದವರು: ಮೂರು–ನಾಲ್ಕು ವಾರ. ಮೇ ತಿಂಗಳ ಹೊರಟು, ಮಿರಗ ಕೂಡೂ ಮುಂಚೆ ವಾಪಸ್. ಗಾಡಿ ತಯಾರದ. ತಲಿಬ್ಯಾನಿ ಒಂದೇ, ಮಾಳಗಿ ಮ್ಯಾಲಿನ ಗಿಡ.

ಭಾಲ್ಕಿಯವರು: ಮೇ ತಿಂಗಳೇ ಯಾಕ್ರೀ? ಯಳ್ಳಾಮಾಸಿ ಆದ ಮ್ಯಾಲ ಹೋಗಿದ್ರ ಥಂಡ್ಯಾಗ ಗಿಡಗೋಳು ಅರ್ಧ ನೀರಿನಾಗ ಇರ್ತಿದ್ವು.

ಬೀದರದವರು: ಆವಾಗ ಸಾಲಿ ಯಾರು ನೋಡಬೇಕು?

ಔರಾದದವರು: ನಮ್ಮದೂ ಅದೇ ಹಾಡು. ಯಳ್ಳಾಮಾಸಿ ಹೊತ್ತಿಗೆ ತೊಗರಿ ರಾಶಿ, ಆಮ್ಯಾಲ ಕಡ್ಲಿ, ಜ್ವಾಳ. ರೈತನ ಕೈ ಖಾಲಿ ಆಗೋದು ಬ್ಯಾಸಗ್ಯಾಗ ಅಷ್ಟೇ. ಮದುವಿ, ಜಾತ್ರಿ, ತಿರುಗಾಟ ಎಲ್ಲಾ ಆಗ್ಲೇ. ಮನುಷ್ಯಾಗ ಬಿಡುವು ಸಿಗೋದೂ ಗಿಡಕ್ಕ ಜೀವ ಹಿಡಕೊಂಡು ನಿಲ್ಲೋ ಕಾಲ ಬರೋದೂ ನಮ್ಮ ಕಡಿ ಕೂಡೇ.

ಬೀದರದವರು: ಅದಕ್ಕೇ ನಳಕ್ಕ ಹಚ್ಚೋ ಟೈಮರ್ ತಂದೀನಿ, ಸಣ್ಣ ಡ್ರಿಪ್ ಪೈಪೂ ತಂದೀನಿ. ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಡ್ತದ, ತಾನೇ ಬಂದ್ ಮಾಡ್ತದ.

ಭಾಲ್ಕಿಯವರು: ಹಚ್ಚಿ ನೋಡೀರೇನು?

ಬೀದರದವರು: ಹೊರಡೂ ಹಿಂದಿನ ದಿನ ಹಚ್ಚಿದ್ರಾಯ್ತು.

ಭಾಲ್ಕಿಯವರು: ಹಂಗ ಮಾಡಬ್ಯಾಡ್ರಿ. ನಿಮ್ಮ ಟಾಕೀನೂ ಮಾಳಗಿ ಮ್ಯಾಲ, ಕುಂಡಗೋಳೂ ಅದೇ ಮಾಳಗಿ ಮ್ಯಾಲ. ನಡುವೆ ಇಳಿಜಾರು ಎಷ್ಟದ? ಎರಡು–ಮೂರು ಫೂಟು. ಅಷ್ಟು ಒತ್ತಡಕ್ಕ ಎಷ್ಟೋ ಟೈಮರಿನ ವಾಲ್ವ್ ತೆರಿಯೋದೇ ಇಲ್ಲ. ಒತ್ತಡ ಇಲ್ಲದೇ ನಡಿಯೋ ಬಾಲ್ ವಾಲ್ವಿನ ಟೈಮರ್ ಬ್ಯಾರೆ ಇರ್ತದ, ಕೇಳಿ ತರಬೇಕು. ಇನ್ನ ಟಾಕಿ ತುಂಬ್ಸೋರು ಯಾರು? ನಳದ ನೀರು ದಿನಾ ಬರಲ್ಲ. ಬೋರಿನ ಮೋಟರಿಗೆ ಯಾರಾದ್ರೂ ಬಟನ್ ಒತ್ತಬೇಕು. ಒಂದು ಪೈಪು ಕಳಚಿದ್ರ ಒಂದೇ ರಾತ್ರ್ಯಾಗ ಟಾಕಿ ಖಾಲಿ. ಬೋರಿನ ಉಪ್ಪು ಕೂತು ಒಂದು ಡ್ರಿಪ್ಪಿನ ಬಾಯಿ ಕಟ್ಟಿದ್ರ ಆ ಕುಂಡ ಒಣಗಿದ್ದು ನಿಮಗ ಗೊತ್ತೇ ಆಗಲ್ಲ. ನೀವು ಮನ್ಯಾಗ ಇದ್ದಾಗ್ಲೇ ಎರಡು ವಾರ ಅದರ ಮ್ಯಾಲ ಗಿಡ ಬಿಡ್ರಿ, ಕೈ ಹಚ್ಚಬ್ಯಾಡ್ರಿ. ಏನು ಕೆಡಬೇಕೋ ಅದು ನಿಮ್ಮ ಕಣ್ಣ ಮುಂದೇ ಕೆಡ್ಲಿ.

ಔರಾದದವರು: ಯಂತ್ರದ ಮಾತು ನನಗ ತಿಳಿಯಲ್ಲ. ಕುಂಡದಾಗ ಮಣ್ಣು ಯಾವುದು ಹಾಕೀರಿ?

ಬೀದರದವರು: ಇನ್ನ್ಯಾವುದು? ಮನಿ ಪಾಯಾ ತೋಡಿದಾಗ ಬಂದ ಕೆಂಪು ಮಣ್ಣು.

ಔರಾದದವರು: ಹಂಗಿದ್ರ ಟೈಮರ್ ಎರಡು ಹಚ್ಚಿದ್ರೂ ನೀರು ನಿಂದ್ರಲ್ಲ. ಬೀದರ ಊರು ಕುಂತದ್ದೇ ಜಂಬಿಟ್ಟಿಗಿ ಕಲ್ಲಿನ ಮ್ಯಾಲ. ಮೈ ತುಂಬ ತೂತಿರೋ ಕಲ್ಲು. ಮಳಿ ನೀರು ಅದರಾಗ ಸೋಸಿ ಇಳೀತದ, ತಳದಾಗಿನ ಕರಿ ಕಲ್ಲಿಗೆ ಬಂದು ತಡೀತದ, ಗುಡ್ಡದ ಅಂಚಿನಾಗ ಝರಾ ಆಗಿ ಹೊರಗ ಬರ್ತದ. ನಾನಕ ಝರಾ, ನರಸಿಂಹ ಝರಾ ಹುಟ್ಟಿದ್ದು ಹಂಗೇ. ಝರಾಕ್ಕ ಛಲೋ ಆದ ಮಣ್ಣು ಕುಂಡಕ್ಕ ಛಲೋ ಅಲ್ಲ.

ಬೀದರದವರು: ನಿಮ್ಮ ಎರಿ ಮಣ್ಣು ತಂದು ತುಂಬಿದ್ರ?

ಔರಾದದವರು: ಬರೀ ಎರಿ ಹಾಕಿದ್ರ ಇನ್ನೊಂದು ಫಜೀತಿ. ಹಸಿ ಇದ್ದಾಗ ಉಬ್ಬತದ, ಒಣಗಿದ್ರ ಬಿರೀತದ. ಬ್ಯಾಸಗ್ಯಾಗ ನಮ್ಮ ಹೊಲದಾಗ ಕೈ ಇಳಿಯೋವಷ್ಟು ಬಿರುಕು ಬೀಳ್ತಾವ. ಬಿರುಕು ಬಿಟ್ಟಲ್ಲಿ ಸಣ್ಣ ಬೇರು ಹರೀತಾವ, ಆಳದಾಗ ಕೂತ ಹಸಿ ಆ ಬಾಯಿಲಿಂದೇ ಆರಿ ಹೋಗ್ತದ. ಕುಂಡದಾಗ ಆದ್ರ ಮಣ್ಣು ಸುತ್ತಲಿನ ಗ್ವಾಡಿ ಬಿಟ್ಟು ಒಳಗ ಸರೀತದ. ಮ್ಯಾಲ ಹಾಕಿದ ನೀರು ಆ ಸಂದಿನಾಗ ಓಡಿ ತಳದ ತೂತಿನಿಂದ ಹೊರಗ ಬರ್ತದ. ನೀರು ಹಾಕಿದವರಿಗೆ ಸಮಾಧಾನ, ಬೇರು ಒಣಾ.

ಭಾಲ್ಕಿಯವರು: ನಮ್ಮ ಕಡಿ ಕೆಂಪೂ ಅದ, ಎರೀನೂ ಅದ. ನಾ ಎರಡೂ ಕಲಿಸಿ, ಒಂದು ಪಾಲು ಕೊಳೆತ ಸೆಗಣಿ ಗೊಬ್ಬರ ಹಾಕ್ತೀನಿ. ಅದರ ಮ್ಯಾಲ ನಾಲ್ಕು ಬೆರಳು ದಪ್ಪ ಕಬ್ಬಿನ ರವದಿ. ಬಿಸಿಲು ಮಣ್ಣಿಗೆ ಮುಟ್ಟಬಾರದು. ಖರೇ, ರವದಿ ಬುಡಕ್ಕ ತಾಗಬಾರದು, ಸುತ್ತಲ ತುಸು ಜಾಗ ಬಿಡಬೇಕು. ಒಣ ರವದ್ಯಾಗ ಒರಲಿ ಹತ್ತಿದ್ರ ತೊಗಟಿ ತಿಂತದ.

ಔರಾದದವರು: ರವದಿ ಸಿಗದಿದ್ರ ಸೋಯಾ ಹೊಟ್ಟು ಕಳಸ್ತೀನಿ. ತೊಗರಿ ಹೊಟ್ಟು ಕೇಳಬ್ಯಾಡ್ರಿ, ಅದು ದನದ ಪಾಲು. ನೆಲದಾಗಿನ ಗಿಡಕ್ಕ ಇನ್ನೊಂದು ಕೆಲಸ ಅದ. ನೀರು ಕುಡಿಸಿದ ಮರುದಿನ, ಮಣ್ಣು ಕೈಗೆ ಹತ್ತಲಾರದಷ್ಟು ಆರಿದಾಗ, ಕುರ್ಪಿಲೆ ಎರಡು ಬೆರಳು ಆಳ ಕೆದರಿ ಪುಡಿ ಮಾಡಬೇಕು. ಬಿರುಕಿನ ಬಾಯಿ ಮುಚ್ಚತಾವ, ಕೆಳಗಿನ ಹಸಿ ಕೆಳಗೇ ಉಳೀತದ. ಜ್ವಾಳದಾಗ ಎಡಿ ಹೊಡಿಯೋದು ಕಸಕ್ಕ ಅಷ್ಟೇ ಅಂತ ಪ್ಯಾಟಿಯವರು ತಿಳೀತಾರ.

ಭಾಲ್ಕಿಯವರು: ಈಗ ನೀರು ಹ್ಯಾಂಗ ಹಾಕ್ತೀರಿ ಹೇಳ್ರಿ.

ಬೀದರದವರು: ಮುಂಜಾನೆ ಒಂದು ತಂಬಗಿ, ಸಂಜಿಗೆ ಒಂದು ತಂಬಗಿ. ಎಲ್ಲಾಕೂ ಸಮ.

ಭಾಲ್ಕಿಯವರು: ಅದೇ ಚಟ ಮೊದ್ಲ ಬಿಡಸ್ರಿ. ದಿನಾ ತುಸು ತುಸು ಹಾಕಿದ್ರ ಬೇರು ಮ್ಯಾಲೇ ಕೂಡ್ತಾವ, ಆಳಕ್ಕ ಯಾಕ ಇಳೀಬೇಕು ಅಂತಾವ. ಇವತ್ತಿಂದ ದಿನ ಬಿಟ್ಟು ದಿನ, ಏಪ್ರಿಲ್ ಹೊತ್ತಿಗೆ ಎರಡು ದಿನ ಬಿಟ್ಟು. ಹಾಕಿದಾಗ ಮಾತ್ರ ತಳದ ತೂತಿನಿಂದ ನೀರು ಬರೋ ತನ ಹಾಕ್ರಿ. ಅಂಗಳದಾಗಿನ ಪೇರಲ, ಲಿಂಬಿಗೆ ಇದು ಪೂರಾ ನಡೀತದ. ಕುಂಡದಾಗಿನ ಗಿಡಕ್ಕ ಅರ್ಧ ನಡೀತದ, ಯಾಕಂದ್ರ ಅದರ ಬೇರು ಎಷ್ಟು ಇಳದ್ರೂ ಕುಂಡದ ತಳಾನೇ ಕೊನಿ.

ಬೀದರದವರು: ಹೊರಡೂ ಮುಂದ ಎಲ್ಲಾ ಕತ್ತರಿಸಿ, ಗೊಬ್ಬರ ಹಾಕಿ ಹೋದ್ರ?

ಭಾಲ್ಕಿಯವರು: ಎರಡೂ ಬ್ಯಾಡ. ಕತ್ತರಿಸಿದ್ರ ಹೊಸ ಚಿಗುರು ಬರ್ತದ, ಗೊಬ್ಬರ ಹಾಕಿದ್ರ ಇನ್ನಷ್ಟು ಬರ್ತದ. ಎಳಿ ಚಿಗುರಿಗೆ ನೀರು ಭಾಳ ಬೇಕು, ಬಿಸಿ ಗಾಳಿಗೆ ಮೊದ್ಲ ಸುಡೋದೂ ಅದೇ. ತಿಂಗಳ ಮುಂಚೆನೇ ಗೊಬ್ಬರ ನಿಲ್ಲಸ್ರಿ. ಹೂವು, ಮೊಗ್ಗು, ಕಾಯಿ ಅಷ್ಟೇ ಕಿತ್ತು ಹಗುರ ಮಾಡ್ರಿ. ಆಮ್ಯಾಲ ಮಾಳಗಿ ಮ್ಯಾಲಿಂದ ಕುಂಡಗೋಳು ಇಳಸ್ರಿ. ಮನಿ ಮೂಡಲ ಗ್ವಾಡಿ ನೆರಳಿಗೆ, ಒಂದಕ್ಕೊಂದು ತಾಗಿಸಿ ಇಡ್ರಿ. ಬಿಸಿಲು ಬರೋ ಕಡಿ ದೊಡ್ಡ ಕುಂಡ, ಅದರ ಮರಿಗೆ ಸಣ್ಣವು. ಮಣ್ಣಿನ ಕುಂಡ ನಾಲ್ಕೂ ಕಡಿಲಿಂದ ಆರ್ತದ, ಪ್ಲಾಸ್ಟಿಕ್ಕಿಂದು ಬರೇ ಮ್ಯಾಲಿಂದ. ಅದಕ್ಕ ಮಣ್ಣಿನವು ಒಳಗಿರ್ಲಿ, ಪ್ಲಾಸ್ಟಿಕ್ಕಿನವು ಹೊರಸುತ್ತಿಗೆ.

ಔರಾದದವರು: ಲಿಂಬಿ ಬುಡಕ್ಕ ಗಡಿಗಿ ಹೂಳ್ರಿ. ಹೊಸ ಗಡಿಗಿ ಬೇಕು, ಮೈಗೆ ಬಣ್ಣ, ಎಣ್ಣಿ ಏನೂ ಹತ್ತಿರಬಾರದು. ಕುತ್ತಿಗಿ ತನ ಹೂತು, ತುಂಬಿ, ಮ್ಯಾಲ ಮುಚ್ಚಳ. ಸುತ್ತಲ ಮಣ್ಣು ಒಣಗಿದಷ್ಟೂ ಗಡಿಗಿ ಮೈಲಿಂದ ನೀರು ಎಳಕೋತದ, ಹಸಿ ಇದ್ರ ಎಳಿಯಲ್ಲ. ಗಿಡಕ್ಕ ಎಷ್ಟು ಬೇಕೋ ಅಷ್ಟು. ಚೀನಾದಾಗ ಎರಡು ಸಾವಿರ ವರ್ಷದ ಹಿಂದೇ ಇದರ ಬಗ್ಗೆ ಬರದಿಟ್ಟಾರ ಅಂತ ನನ್ನ ಮಗ ಓದಿ ಹೇಳ್ದ.

ಬೀದರದವರು: ಅಂದ್ರ ತುಂಬಿಟ್ಟು ನಿಶ್ಚಿಂತಿಲೆ ಹೋಗಬಹುದು!

ಔರಾದದವರು: ಗಡಿಗಿ ನಾಲ್ಕೈದು ದಿನ ತಡೀತದ, ತಿಂಗಳಲ್ಲ. ತುಂಬೋರು ಬೇಕೇ ಬೇಕು.

ಭಾಲ್ಕಿಯವರು: ಈಗ ಕಠಿಣ ಮಾತು ಕೇಳ್ತೀನಿ. ಯಾವ ಗಿಡ ಹೋದ್ರೂ ನಡೀತದ?

ಬೀದರದವರು: ಯಾವುದೂ ಹೋಗಬಾರದು.

ಭಾಲ್ಕಿಯವರು: ಹಂಗಂದ್ರ ಎಲ್ಲಾ ಹೋಗ್ತಾವ. ಇರೋ ನೀರು, ಇರೋ ಕೈ ಎಲ್ಲಾಕೂ ಸಾಲಲ್ಲ. ಮೆಂತೆ, ಕೊತ್ತಂಬರಿ, ಟೊಮ್ಯಾಟೊ ಬಿಡಿಸಿಕೊಂಡು ತಿಂದು ಬೇರು ಕಿತ್ತು ಬಿಡ್ರಿ, ಮಿರಗಕ್ಕ ಮತ್ತ ಬಿತ್ತಬಹುದು. ಕರಿಬೇವು, ನುಗ್ಗಿ, ಸೀತಾಫಲ ನೆಲದಾಗ ಇದ್ರ ಅವಕ್ಕ ನಿಮ್ಮ ಹಂಗಿಲ್ಲ. ಸೀತಾಫಲ ನಮ್ಮ ಗುಡ್ಡದಾಗ ಯಾರ ನೀರು ಕುಡದು ಬೆಳೀತದ? ನಡುವೆ ಉಳಿಯೋವು ಮಲ್ಲಿಗಿ, ಗುಲಾಬಿ, ತುಳಸಿ, ವೀಳ್ಯದೆಲಿ ಬಳ್ಳಿ. ನಿಮ್ಮ ಕಾಳಜಿ ಅಷ್ಟಕ್ಕೇ ಇರ್ಲಿ. ಸಣ್ಣ ಕುಂಡದವು ನಾಲ್ಕು ನನಗ ತಂದು ಕೊಡ್ರಿ, ನನ್ನ ಮಾವಿನ ಗಿಡದ ಬುಡದಾಗ ಇರ್ಲಿ.

ಬೀದರದವರು: ಯಾರ ಹಂಗೂ ಇಲ್ಲದೇ ನೀರು ಬರೋ ವ್ಯವಸ್ಥಾ ನಮ್ಮೂರಾಗೇ ಇತ್ತಲ್ರೀ. ಬಹಮನಿ ಸುಲ್ತಾನರು 15ನೇ ಶತಮಾನದಾಗ ತೋಡಿಸಿದ ನೌಬಾದದ ಕರೇಜ್ ನೋಡ್ರಿ. ಎರಡು–ಮೂರು ಕಿಲೋಮೀಟರಿನ ಸುರಂಗ, ನಡುನಡುವೆ 21 ಬಾಯಿ. ಮೋಟರಿಲ್ಲ, ಟೈಮರಿಲ್ಲ. ತುಸು ಇಳಿಜಾರು ಕೊಟ್ಟಾರ, ನೀರು ತಾನೇ ಹರೀತದ.

ಔರಾದದವರು: ಆ ಬಾಯಿಗಳು ಯಾಕ ಇಟ್ರು?

ಬೀದರದವರು: ಗಾಳಿ ಬೆಳಕಿಗೆ. ಒಳಗ ಇಳದು ಹೂಳು ತೆಗೀಲಾಕ.

ಔರಾದದವರು: ನೋಡ್ರಿ ಮತ್ತ! ಕಟ್ಟೋ ದಿನಾನೇ ಹೂಳು ತೆಗಿಯೋನು ಬರ್ತಾನ ಅಂತ ತಿಳಿದು ಅವನ ಸಲುವಾಗಿ ದಾರಿ ಬಿಟ್ಟಾರ. ಅವ ಬರೋದು ನಿಂತಿತು, ಮ್ಯಾಲ ಮನಿ ಬಂದ್ವು, ಬಾಯಾಗ ಕಸ ಬಿತ್ತು, ಕರೇಜ್ ಕಟ್ಟಿತು. ಮೊನ್ನೆ ಮೊನ್ನೆ, 2015–16ರ ಸುಮಾರಿಗೆ, ಮತ್ತ ಜನ ಇಳದು ಹೂಳು ತೆಗೆದ ಮ್ಯಾಲ ನೀರು ಕಾಣಿಸ್ತು. ತಾನೇ ನಡಿಯೋ ಕೆಲಸ ಅಂತ ಯಾವುದೂ ಇಲ್ಲ. ಕಣ್ಣಿಗೆ ಕಾಣಲಾರದಂಗ ಯಾರೋ ನಡಸ್ತಿರ್ತಾರ.

ಭಾಲ್ಕಿಯವರು: ಮನಿ ಒಳಗಿನ ಮಾತು ಮುಗಸೋಣ. ಕೂಲರಿನ ನೀರು ಪೂರಾ ಖಾಲಿ ಮಾಡಿ ಒಣಗಸ್ರಿ, ಕುಂಡದ ಕೆಳಗಿನ ತಟ್ಟಿ ಬೋರಲು ಹಾಕ್ರಿ. ನಿಂತ ನೀರಿನಾಗ ವಾರ–ಹತ್ತು ದಿನಕ್ಕ ಡೆಂಗಿ ಸೊಳ್ಳಿ ತಯಾರ. ನೀವು ಮೈಸೂರು ನೋಡ್ತಿರ್ತೀರಿ, ಓಣಿಯವರು ಜ್ವರದಾಗ ಮಲಗಿರ್ತಾರ. ಫ್ರಿಜ್ ಖಾಲಿ ಮಾಡಿ ಬಾಗಲಾ ತೆರೆದಿಡ್ರಿ. ಗ್ಯಾಸಿನ ರೆಗ್ಯುಲೇಟರ್ ತೆಗೀರಿ.

ಔರಾದದವರು: ಮಾಳಗಿ ನೀರಿನ ಪೈಪಿನಾಗ ಎಲಿ ತುಂಬಿರ್ತಾವ, ತೆಗೀರಿ. ಮೇ ತಿಂಗಳ ಮಳಿ ನಮ್ಮ ಕಡಿ ಬಂದ್ರ ಬಿರಗಾಳಿ, ಆಲಿಕಲ್ಲು ಕೂಡೇ ಬರ್ತದ. ಅರ್ಧ ತಾಸಿನಾಗ ಮಾಳಗಿ ಕೆರಿ ಆಗ್ತದ. ಕಟ್ಟಿ ಮ್ಯಾಲಿನ ಕುಂಡ ಗಾಳಿಗೆ ಹಾರಿ ಯಾರ ತಲಿ ಮ್ಯಾಲ ಬೀಳ್ತದೋ.

ಭಾಲ್ಕಿಯವರು: ಪೊಲೀಸ್ ಠಾಣೆಗೆ ಒಂದು ಮಾತು ಹೇಳಿ ಹೋಗ್ರಿ. ದಾರಿ ಫೋಟೊ ಎಲ್ಲಾ ತಿರುಗಿ ಬಂದ ಮ್ಯಾಲ ಹಾಕ್ರಿ. ‘ಮೈಸೂರಿನಾಗ ಅದೀವಿ’ ಅಂತ ಜಗತ್ತಿಗೆ ಸಾರಿದ್ರ ‘ಮನಿ ಖಾಲಿ ಅದ’ ಅಂತ ಹೇಳ್ದಂಗೇ ಆಯ್ತು.

ಬೀದರದವರು: ನಿಮ್ಮಿಬ್ಬರ ಮಾತು ಕೇಳಿದ್ರ ಊರು ಬಿಡೋದೇ ಬ್ಯಾಡ ಅನಸ್ಲಾಕತ್ತದ. ನಿಕಿತಿನ್ ಅಂತ ಒಬ್ಬ ರಷ್ಯಾದ ವ್ಯಾಪಾರಿ ಇದ್ದ. ಮಹಮೂದ ಗವಾನ ದಿವಾನ ಇದ್ದ ಕಾಲಕ್ಕ, ತ್ವೇರ್ ಅನ್ನೋ ಊರಿಂದ ಬೀದರಿಗೆ ಬಂದ. ಸಮುದ್ರ ದಾಟಿ ಒಂದು ಕುದುರಿ ತಂದ, ಜುನ್ನರದಾಗ ಮಳಿಗಾಲ ಕಳದ, ಬೀದರಿನಾಗ ಆ ಕುದುರಿ ಮಾರಿದ. ಅವಗ ಇಷ್ಟು ವಿಚಾರ ಇತ್ತೇನು?

ಭಾಲ್ಕಿಯವರು: ತಿರುಗಿ ಮನಿ ಮುಟ್ಟಿದ್ನೇನು?

ಬೀದರದವರು: ಇಲ್ಲ. ಸ್ಮೋಲೆನ್ಸ್ಕ್ ಹತ್ರ ದಾರ್‍ಯಾಗೇ ತೀರಿಕೊಂಡ. ಅವನ ಬರಹ ಅಷ್ಟೇ ಊರು ಸೇರ್ತು.

ಔರಾದದವರು: ಛಲೋ ಶಕುನ ಹುಡುಕೀರಿ ಮಾಸ್ತರ್!

ಭಾಲ್ಕಿಯವರು: ನಗಬ್ಯಾಡ್ರಿ. ತಿರುಗಿ ಬರ್ತೀವಿ ಅಂತ ತಿಳಿದು ಬೀಗ ಹಾಕೋದು ಸಣ್ಣ ಭಾಗ್ಯ ಅಲ್ಲ. ನಮ್ಮ ತಾಲ್ಲೂಕಿನ ಬ್ಯಾಲಹಳ್ಳಿಯಾಗ ಕಾರಂಜಾ ಡ್ಯಾಮ್ ಕಟ್ಟಿದಾಗ ಮನಿ, ಹೊಲ ಮುಳುಗಿದವರು ಅದಾರ. ‘ಗಿಡಕ್ಕ ಯಾರು ನೀರು ಹಾಕ್ತಾರ’ ಅನ್ನೋ ಚಿಂತಿ ಅವರಿಗೆ ಇದ್ದಿಲ್ಲ. ಊರಿಗೆ ಊರೇ ನೀರಾಗಿತ್ತು.

ಔರಾದದವರು: ಊರು ಬಿಡೋದು ಹ್ಯಾಂಗ ಅಂತ ಕಲೀಬೇಕಂದ್ರ ನಮ್ಮ ತಾಂಡಾಗೋಳಿಗೆ ಬರ್ರಿ. ದೀಪಾವಳಿ ಆದ ಮ್ಯಾಲ ಕೆಲವರು ಕಬ್ಬು ಕಡೀಲಾಕ ಹೋಗ್ತಾರ, ಕೆಲವರು ಪುಣೆ, ಮುಂಬಯಿ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕ. ತಿಂಗಳುಗಟ್ಲೆ ಮನಿ ಬಿಡಬೇಕು. ಮುದುಕರಿಗೆ ಮನಿ ಒಪ್ಪಸ್ತಾರ. ಆಡು, ಆಕಳ ಇದ್ರ ಪಾಲಿಗೆ ಕೊಡ್ತಾರ. ಸಾಕಿದವರಿಗೆ ಹಾಲು, ಮರಿ ಹುಟ್ಟಿದ್ರ ಇಬ್ಬರಿಗೂ ಪಾಲು. ಪುಕಟ್ಟಿ ನೋಡ್ಕೊ ಅಂದ್ರ ಎಂಟು ದಿನ ನೋಡ್ತಾರ. ಪಾಲು ಅದ ಅಂದ್ರ ವರ್ಷಗಟ್ಲೆ ನೋಡ್ತಾರ. ನೀವು ನೀರು ಹಾಕ್ಲಾಕ ಯಾರಿಗೆ ಹೇಳೀರಿ?

ಬೀದರದವರು: ಬಾಜೂಮನಿ ಹುಡುಗಗ ಹೇಳಬೇಕಂತೀನಿ. ಯಾವ ಗಿಡಕ್ಕ ಎಷ್ಟು ಅಂತ ನಾಲ್ಕು ಹಾಳಿ ಬರದೀನಿ.

ಭಾಲ್ಕಿಯವರು: ನಾಲ್ಕು ಹಾಳಿ ಯಾರು ಓದ್ತಾರ? ಮೂರು ಮಾತು ಸಾಕು. ಬೆರಳು ಹಾಕಿ ನೋಡು, ಒಣಗಿದ್ರ ತುಂಬ ಹಾಕು, ಹಸಿ ಇದ್ರ ಬಿಡು. ಜೋಡಿಲೆ ಲಿಂಬಿ, ನುಗ್ಗಿ, ಹೂವು ಎಷ್ಟು ಬಂದ್ರೂ ಅವರೇ ಹರಕೋಬೇಕು. ಹರಕೊಂಡು ತಿನ್ನೋರ ಕಣ್ಣು ಗಿಡದ ಮ್ಯಾಲ ಇರ್ತದ.

ಔರಾದದವರು: ನನ್ನ ಮಗ ನೌಬಾದದಾಗ ರೂಮ್ ಮಾಡ್ಕೊಂಡು ಓದ್ಲಾಕತ್ತಾನ. ಅವ ಬರ್ತಾನ, ದಿನಾ ಸಂಜಿಗೆ. ನಿಮ್ಮ ಟೈಮರಿನ ಮ್ಯಾಲೂ ಕಣ್ಣಿಡ್ತಾನ, ಗಡಿಗೀನೂ ತುಂಬ್ತಾನ. ಆದ್ರ ಒಂದು ವಾರ ಮುಂಚೇನೇ ಅವಗ ಬರಗೊಡ್ರಿ. ನೀವು ಹಾಕೂವಾಗ ಅವ ನೋಡ್ಲಿ, ಆಮ್ಯಾಲ ಅವ ಹಾಕೂವಾಗ ನೀವು ನೋಡ್ರಿ.

ಬೀದರದವರು: ನೀರು ಹಾಕ್ಲಾಕ ಒಂದು ವಾರದ ಟ್ರೇನಿಂಗೇನ್ರೀ?

ಔರಾದದವರು: ನನ್ನ ದೇವಣಿ ಆಕಳದಿಂದ ಕಲ್ತ ಮಾತಿದು. ವಾನೇರಾ ಜಾತಿದು, ಮೈಯೆಲ್ಲ ಬಿಳಿ, ಮಾರಿ ಅಷ್ಟೇ ಕರಿ. ಹೊಸ ಕೈ ಮುಟ್ಟಿದ್ರ ಹಾಲು ಮ್ಯಾಲ ಎಳಕೋತದ. ಅಂಜಿದ ದನ ಸೊರ ಬಿಡಲ್ಲ, ಏನು ಮಾಡಿದ್ರೂ ಬಿಡಲ್ಲ. ಒಮ್ಮೆ ಬೀಗರ ಮನಿಗೆ ಹೋಗೂ ಮುಂದ ಅಳಿಯಗ ಒಪ್ಪಿಸಿದ್ದೆ. ಅವ ಮೊದ್ಲ ಎರಡು ದಿನ ನನ್ನ ಮಗ್ಗಲಿಗೆ ಸುಮ್ಮ ಕುಂತ. ಮೂರನೇ ದಿನ ಕರುವಿಗೆ ಅವನೇ ಬಿಟ್ಟ, ಅವನೇ ಮೈ ತಿಕ್ಕಿದ. ಆಮ್ಯಾಲ ಎರಡು ಮೊಲಿ ನಾ, ಎರಡು ಮೊಲಿ ಅವ. ವಾರ ಆಗೂದ್ರಾಗ ನಾ ಕೊಟ್ಟಗಿ ಹೊರಗ ನಿಂತೆ, ಅವ ತಂಬಗಿ ತುಂಬಿಸ್ಕೊಂಡು ಬಂದ. ಆವಾಗ ಊರು ಬಿಟ್ಟೆ. ಗಿಡ ಬಾಯಿ ಬಿಟ್ಟು ಹೇಳಲ್ಲ ಅಷ್ಟೇ, ಕೈ ಬದಲಾದ್ರ ಅದಕ್ಕೂ ತ್ರಾಸೇ. ಒಬ್ಬ ಭಾಳ ಹಾಕ್ತಾನ, ಒಬ್ಬ ಕಡಿಮಿ ಹಾಕ್ತಾನ.

ಭಾಲ್ಕಿಯವರು: ಮಾಸ್ತರ್, ಇನ್ನೊಂದು ತಲ್ಯಾಗ ಇಟ್ಕೊಳ್ರಿ. ಮೇ ತಿಂಗಳ ಮೈಸೂರು, ಚಾಮರಾಜನಗರದ ಕಡಿ ಮುಂಗಾರಿನ ಮುಂಚಿನ ಮಳಿ ಬಿದ್ದು ಹೊಲ ಬಿತ್ತಿರ್ತಾರ, ನೆಲ ಹಸರಾಗಿರ್ತದ. ಅದು ನೋಡಿ ‘ಮಳಿ ಆಗ್ಯದ, ನಮ್ಮ ಗಿಡಾನೂ ತಣ್ಣಗಿರ್ತಾವ’ ಅಂತ ತಿಳೀಬ್ಯಾಡ್ರಿ. ನಮ್ಮಲ್ಲಿ ವರ್ಷದ ಮಳಿ ಬಹಳಷ್ಟು ಜೂನ್‌ಲಿಂದ ಸೆಪ್ಟೆಂಬರ್ ಒಳಗೇ. ಮೇ ತಿಂಗಳ ಇಲ್ಲಿ 40 ಡಿಗ್ರಿ ದಾಟಿದ್ರೂ ದಾಟ್ತು.

ಬೀದರದವರು: ಅದು ಖರೇ. ನಮ್ಮ ಮಾಂಜ್ರಾ, ಕಾರಂಜಾ ನೀರು ಗೋದಾವರಿಗೆ ಹೋಗ್ತದ. ಅಲ್ಲಿಂದ ಹೊಂಟು ಭೀಮಾ, ತಿಂಥಣಿ ಹತ್ರ ಕೃಷ್ಣಾ, ಆಮ್ಯಾಲ ತುಂಗಭದ್ರಾ ದಾಟಿ ಕೊನಿಗೆ ಶ್ರೀರಂಗಪಟ್ಟಣದಾಗ ಕಾವೇರಿ, ನಂಜನಗೂಡಿನಾಗ ಕಪಿಲಾ. ಒಂದೇ ರಾಜ್ಯದಾಗ ಮೂರು ನದಿ ಸೀಮಿ, ಮೂರು ಥರದ ಮಳಿ. ಪೋರಗೋಳಿಗೆ ಅದೇ ತೋರಸಬೇಕಂತೀನಿ.

ಔರಾದದವರು: ತೋರಸ್ರಿ. ದಾರಿಗೆ ಖಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಳ್ರಿ, ವಾರಗಟ್ಲೆ ಕೆಡಲ್ಲ. ಟಾಯರಿಗೆ ಗಾಳಿ ಮುಂಜಾನೆ ಥಂಡ್ಯಾಗ ಹಾಕಸ್ರಿ, ಬಿಸಿಲಾಗ ಓಡಿ ಬಂದ ಟಾಯರಿನ ಲೆಕ್ಕ ಸರಿ ತೋರ್ಸಲ್ಲ.

ಬೀದರದವರು: ಎಲ್ಲಾ ಒಪ್ಪಿದೆ. ನಿಮ್ಮ ಮಗನಿಗೆ ಏನು ಕೊಡ್ಲಿ? ನೀವೇ ಅಂದ್ರಿ, ಪುಕಟ್ಟಿ ಎಂಟೇ ದಿನ ಅಂತ.

ಔರಾದದವರು: ಅವಗ ಲಿಂಬಿ, ನುಗ್ಗಿ, ಜೋಡಿಲೆ ನಿಮ್ಮ ಮನ್ಯಾಗ ಓದ್ಲಾಕ ಒಂದು ಫ್ಯಾನಿನ ಖೋಲಿ ಸಾಕು. ನನ್ನ ಲೆಕ್ಕ ಬ್ಯಾರೆ ಅದ. ಹೊಲದ ಕೆಲಸದಾಗ ನಮ್ಮಲ್ಲಿ ಮುಯ್ಯಾಳು ಅಂತದ. ಇವತ್ತು ನಾ ನಿಮ್ಮ ಹೊಲಕ್ಕ, ನಾಳಿ ನೀವು ನನ್ನ ಹೊಲಕ್ಕ. ಬಿತ್ತಗಿ ಮುಗದ್ರ ಆಷಾಢದಾಗ ನಾನೂ ನಮ್ಮಾಕಿನೂ ಪಂಢರಪುರಕ್ಕ ಹೊಂಟೀವಿ. ಅಳಿಯ ಈಗ ಪುಣೆ ಸೇರ್‍ಯಾನ. ಆಕಳ ಹಿಂಡೋರು ಬೇಕು.

ಬೀದರದವರು: ನಾ? ಆಕಳ? ಜೂನ್‌ನಾಗ ಸಾಲಿ ಚಾಲೂ ಆಗ್ತದಲ್ರೀ!

ಔರಾದದವರು: ಬೀದರಿಂದ ಔರಾದಿಗೆ ತಾಸಿನ ದಾರಿ. ಮುಂಜಾನೆ ಹಿಂಡಿ ಸಾಲಿಗೆ ಹೋಗ್ರಿ, ಸಾಲಿ ಬಿಟ್ಟ ಮ್ಯಾಲ ಬಂದು ಸಂಜಿದು ಹಿಂಡ್ರಿ. ಸಾವಿರಾರು ಕಿಲೋಮೀಟರ್ ಗಾಡಿ ಹೊಡಿಯೋರಿಗೆ ಇದು ಯಾವ ದೊಡ್ಡ ಮಾತು? ಹಾಲೆಲ್ಲ ನಿಮ್ಮದೇ.

ಭಾಲ್ಕಿಯವರು: ನ್ಯಾಯದ ಮಾತದ. ಒಪ್ಪಿಕೊಳ್ರಿ ಮಾಸ್ತರ್. ಚಾಮರಾಜನಗರ ಬೇಕಂದ್ರ ಸೊರ ಹಿಡಿಯೋದು ಕಲೀಬೇಕು.

ಬೀದರದವರು: ಆಗ್ಲಿ. ಯಾವಾಗ ಬರ್ಲಿ?

ಔರಾದದವರು: ಬರೂ ಐತವಾರ, ನಸುಕಿನಾಗ ಐದಕ್ಕ. ಮೊದ್ಲ ಎರಡು ದಿನ ಬರೇ ಮಗ್ಗಲಿಗೆ ಕೂಡಬೇಕು, ಕೈ ಹಚ್ಚಂಗಿಲ್ಲ. ಮತ್ತ ಇವತ್ತಿನಂಗ ಅತ್ತರ ಹಚ್ಕೊಂಡು ಬರಬ್ಯಾಡ್ರಿ. ಗುರ್ತು ಹಿಡಿಯೂ ಮೊದ್ಲೇ ಒದೀತಾಳ.